ಕರಪತ್ರದಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು: ಕಲಾವಿದರ ಮಾಸಾಶನ ಪಡೆದ ಅನುಭವ

ಕಷ್ಟ ಪರಿಸ್ಥಿತಿಯಲ್ಲಿರುವ ಸಾಹಿತಿ ಮತ್ತು ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೊಡುವ ಮಾಸಾಶನಕ್ಕೆ ನಾನು ಸಲ್ಲಿಸಿದ್ದ ಅರ್ಜಿ ಮಂಜೂರಾಗಿ, ಮೊದಲ ಕಂತು ಖಾತೆಗೆ ಬಂದು ಕೆಲವು ವಾರಗಳಾಗಿವೆ. ಅರ್ಜಿಯ ವಿಚಾರ ತಲೆಗೆ ಬಂದಾಗಿನಿಂದ ಹಣ ಕೈಸೇರುವವರೆಗೆ ವರ್ಷದ ಮೇಲೆ ಹಿಡಿಯಿತು. ವಿಷಯ ತಿಳಿದ ತುಮಕೂರು, ಮಧುಗಿರಿ, ತಿಪಟೂರು ಕಡೆಯ ಹಳೆಯ ಸಹಕಲಾವಿದರು ದಿನಕ್ಕೊಬ್ಬರಂತೆ ಫೋನು ಮಾಡಿ, ಯಾವ ಕಾಗದ ಬೇಕು, ಎಲ್ಲಿ ಕೊಡಬೇಕು, ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂದು ವಿಚಾರಿಸುತ್ತಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ.

ನನ್ನ ಕಸುಬನ್ನು ಒಂದು ಮಾತಿನಲ್ಲಿ ಹೇಳುವುದು ಕಷ್ಟ. ಅರ್ಜಿಯ ತೊಡಕುಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಎಂಬತ್ತರ ದಶಕದ ಆರಂಭದಲ್ಲಿ, ಇನ್ನೂ ಹದಿನೆಂಟು ತುಂಬುವ ಮೊದಲೇ, ಊರೂರು ತಿರುಗುವ ಒಂದು ವೃತ್ತಿ ನಾಟಕ ಕಂಪನಿಗೆ ಸೇರಿದೆ. ಕಂಪನಿ ಮುಚ್ಚಿದ ಮೇಲೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷ ಕಲಿತು ಊರಿಗೆ ಮರಳಿದೆ. ಅಲ್ಲಿಂದ ಮುಂದೆ, ಸುಗ್ಗಿ ಮುಗಿದು ಮಳೆ ಹಿಡಿಯುವವರೆಗೆ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ದ್ರೌಪದಿ, ಕುಂತಿ, ಉತ್ತರೆಯ ಪಾತ್ರಗಳು. ಮಳೆಗಾಲದಲ್ಲಿ ಹವ್ಯಾಸಿ ತಂಡಗಳಿಗೆ ನಿರ್ದೇಶನ. ಜೂನ್‌ನಿಂದ ಡಿಸೆಂಬರ್‌ವರೆಗೆ ಶಾಲೆಗಳಲ್ಲಿ ರಂಗಪಾಠ ಮತ್ತು ವಾರ್ಷಿಕೋತ್ಸವದ ನಾಟಕ. ಬೇಸಿಗೆಯಲ್ಲಿ ಮಕ್ಕಳ ಶಿಬಿರ. ಇವುಗಳ ನಡುವೆ ಆಕಾಶವಾಣಿಯ ನಾಟಕ, ಸಾಕ್ಷರತಾ ಆಂದೋಲನದ ಕಲಾಜಾಥಾ ಮತ್ತು ಈಚಿನ ವರ್ಷಗಳಲ್ಲಿ ಧಾರಾವಾಹಿಗಳಲ್ಲಿ ಅಜ್ಜಿ, ಅತ್ತೆಯ ಸಣ್ಣ ಪಾತ್ರಗಳು. ಕೆಲಸವಿಲ್ಲದೆ ಕೂತ ವರ್ಷ ನೆನಪಿಲ್ಲ. ಹಾಗೆಯೇ, ಸಂಬಳದ ಚೀಟಿ ಕಂಡ ವರ್ಷವೂ ನೆನಪಿಲ್ಲ.

ಮಾಸಾಶನಕ್ಕೆ 58 ವರ್ಷ ತುಂಬಿರಬೇಕು. ನನಗೆ ತುಂಬಿದ ಮೇಲೂ ಬಹುಕಾಲ ಸುಮ್ಮನಿದ್ದೆ. ಅರ್ಜಿಯ ಶಿರೋನಾಮೆಯಲ್ಲಿರುವ ‘ಕಷ್ಟ ಪರಿಸ್ಥಿತಿ’ ಎಂಬ ಮಾತಿನ ಕೆಳಗೆ ಸಹಿ ಹಾಕಲು ಕೈ ಬರುತ್ತಿರಲಿಲ್ಲ. ಮಂಡಿನೋವು ಹೆಚ್ಚಾಗಿ ರಾತ್ರಿಯ ನಾಟಕಗಳನ್ನು ಬಿಡಬೇಕಾಗಿ ಬಂದಾಗ ಮಗಳು, ‘ಅಮ್ಮ, ಇಷ್ಟು ವರ್ಷ ನೀನು ಮಾಡಿದ ಕೆಲಸಕ್ಕೆ ಕೊಡೋದು ಇದು, ದಾನ ಅಲ್ಲ’ ಎಂದು ಹೇಳಿ ತಾನೇ ಸೇವಾ ಸಿಂಧು ಜಾಲತಾಣವನ್ನು ತೆರೆದು ಕೂತಳು.

ಅರ್ಜಿಯನ್ನು ಸೇವಾ ಸಿಂಧುವಿನಲ್ಲಿಯೇ ಸಲ್ಲಿಸಬೇಕು. ಆಧಾರ್, ವಯಸ್ಸಿನ ದಾಖಲೆ, ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಭಾವಚಿತ್ರ, ಬೇರೆ ಪಿಂಚಣಿ ಪಡೆಯುತ್ತಿಲ್ಲವೆಂಬ ಘೋಷಣೆ: ಇವೆಲ್ಲ ಯಾರಿಗೂ ಅರ್ಥವಾಗುವ ಕಾಗದಗಳು. ಕಷ್ಟವಿರುವುದು ಕಲಾಸೇವೆಯ ದಾಖಲೆಗಳಲ್ಲಿ. ಪ್ರಮಾಣಪತ್ರ, ಕರಪತ್ರ, ಆಹ್ವಾನ ಪತ್ರಿಕೆ, ಪತ್ರಿಕಾ ತುಣುಕು, ಪ್ರದರ್ಶನದ ಫೋಟೊ ಎಲ್ಲವೂ ನಡೆಯುತ್ತವೆ. ಆದರೆ ಅವು ಹಲವು ದಶಕಗಳ ಸೇವೆಯನ್ನು ಒಂದಾದ ಮೇಲೊಂದರಂತೆ ತೋರಿಸಬೇಕು, ಮತ್ತು ಅವುಗಳಲ್ಲಿರುವ ವ್ಯಕ್ತಿ ಅರ್ಜಿದಾರಳೇ ಎಂದು ಸಾಬೀತಾಗಬೇಕು.

ಮೊದಲು ಆದಾಯ ಪ್ರಮಾಣಪತ್ರ. ನಾಡಕಚೇರಿಗೆ ಅರ್ಜಿ ಹಾಕಿದರೆ ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿಯ ಮೇಲೆ ತಹಶೀಲ್ದಾರರ ಡಿಜಿಟಲ್ ಸಹಿಯೊಂದಿಗೆ ಬರುತ್ತದೆ. ಅರ್ಜಿ ತುಂಬುತ್ತಿದ್ದ ಸೈಬರ್ ಅಂಗಡಿಯ ಹುಡುಗ, ‘ಉದ್ಯೋಗ ಕೂಲಿ ಅಂತ ಹಾಕಿಬಿಡ್ಲಾ ಅಮ್ಮ? ಯಾರೂ ಏನೂ ಕೇಳಲ್ಲ, ಬೇಗ ಆಗುತ್ತೆ’ ಎಂದ. ಅವನ ಉದ್ದೇಶ ಒಳ್ಳೆಯದೇ. ಆದರೆ ಒಂದು ಕಾಗದದಲ್ಲಿ ಕೂಲಿ ಎಂದೂ ಇನ್ನೊಂದರಲ್ಲಿ ನಲವತ್ತು ವರ್ಷದ ಕಲಾವಿದೆ ಎಂದೂ ಇದ್ದರೆ ನಾಳೆ ಪ್ರಶ್ನೆ ಬರುವುದು ನನಗೆ. ‘ರಂಗಕಲಾವಿದೆ’ ಎಂದೇ ಬರೆಸಿದೆ. ವಿಚಾರಣೆಗೆ ಬಂದವರು ತಿಂಗಳಿಗೆ ಎಷ್ಟು ಬರುತ್ತದೆ ಎಂದು ಕೇಳಿದಾಗ, ಮಾರ್ಚಿಯಲ್ಲಿ ಬರುವುದು ಆಗಸ್ಟಿನಲ್ಲಿ ಬರುವುದಿಲ್ಲವೆಂದು ವಿವರಿಸಿ, ಹಿಂದಿನ ಒಂದು ವರ್ಷದ ಪಾಸ್‌ಬುಕ್ ನಮೂದುಗಳನ್ನೂ ಕೈಗೆ ಬಂದ ನಗದಿನ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ನನ್ನಂತೆ ಹತ್ತು ಕಡೆಯಿಂದ ಹತ್ತು ಬಗೆಯಲ್ಲಿ ದುಡಿಯುವವರು ಈ ಹಾಳೆಯನ್ನು ಮೊದಲೇ ಸಿದ್ಧಮಾಡಿಕೊಳ್ಳುವುದು ಒಳ್ಳೆಯದು. ಪಡಿತರ ಚೀಟಿಗೆ ಕೊಟ್ಟ ಆದಾಯಕ್ಕೂ ಇದಕ್ಕೂ ತಾಳೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಎರಡನೆಯದು ಹೆಸರು. ಕಂಪನಿಗೆ ಸೇರಿದಾಗ ನನ್ನ ಹೆಸರಿನವರೇ ಇನ್ನೊಬ್ಬರು ಅಲ್ಲಿ ನಾಯಕಿಯಾಗಿದ್ದರು. ಮಾಲೀಕರು ಒಂದೇ ಕ್ಷಣದಲ್ಲಿ ನನಗೆ ಬೇರೆ ಹೆಸರಿಟ್ಟರು. ಆ ಹೆಸರೇ ರಂಗದಲ್ಲಿ ಉಳಿಯಿತು. ಶಾಲೆಯ ದಾಖಲೆ, ಆಧಾರ್ ಮತ್ತು ನೀನಾಸಂ ಪ್ರಮಾಣಪತ್ರದಲ್ಲಿರುವುದು ಅಪ್ಪ ಅಮ್ಮ ಇಟ್ಟ ಹೆಸರು. ಇದರ ಮೇಲೆ, ಹಳ್ಳಿಯ ನಾಟಕಗಳ ಕರಪತ್ರಗಳಲ್ಲಿ ಹೊರಗಿನಿಂದ ಬರುವ ಸ್ತ್ರೀ ಪಾತ್ರಧಾರಿಗಳಿಗೆ ತಂದೆಯ ಹೆಸರಿಲ್ಲ, ಮನೆತನವಿಲ್ಲ. ‘ಕುಮಾರಿ’ ಇಂಥವರು, ತುಮಕೂರು ಎಂದಷ್ಟೇ ಇರುತ್ತದೆ. ದುರ್ಯೋಧನನ ಪಾತ್ರ ಮಾಡುವ ಊರಿನ ಗೌಡರಿಗೆ ಮಾತ್ರ ತಂದೆಯ ಹೆಸರು, ಹುದ್ದೆ, ಭಾವಚಿತ್ರ ಸಮೇತ ಅರ್ಧ ಅಂಗೈಯಷ್ಟು ಜಾಗ. ನನ್ನ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದ ಕರಪತ್ರದಲ್ಲಿಯೂ ನಾನು ಕುಮಾರಿಯೇ.

ಎರಡೂ ಹೆಸರು ಒಬ್ಬಳದೇ ಎಂದು ಇ-ಸ್ಟಾಂಪ್ ಕಾಗದದ ಮೇಲೆ ಅಫಿಡವಿಟ್ ಬರೆಸಿ ನೋಟರಿ ಮಾಡಿಸಿದೆ. ಅದೊಂದೇ ಸಾಲದೆಂದು ತಿಳಿದವರು ಹೇಳಿದ್ದರಿಂದ, ಎರಡು ಹೆಸರೂ ಒಟ್ಟಿಗೆ ಇರುವ ಸ್ವತಂತ್ರ ದಾಖಲೆಗಾಗಿ ಹುಡುಕಿದೆ. ಸಿಕ್ಕಿದ್ದು ಒಂದು ಹಳೆಯ ಪತ್ರಿಕಾ ತುಣುಕು: ನಾನು ನಿರ್ದೇಶಿಸಿದ್ದ ನಾಟಕದ ವರದಿಯಲ್ಲಿ ವರದಿಗಾರರು ನನ್ನ ನಿಜನಾಮವನ್ನು ಬರೆದು, ಪಕ್ಕದಲ್ಲಿ ಆವರಣದೊಳಗೆ ರಂಗನಾಮವನ್ನು ಹಾಕಿದ್ದರು. ಇಡೀ ಕಡತದಲ್ಲಿ ಹೆಚ್ಚು ಕೆಲಸಕ್ಕೆ ಬಂದ ಕಾಗದ ಅದೇ. ಬೇರೆ ಹೆಸರಿನಲ್ಲಿ ಅಭಿನಯಿಸುವ ಕಿರಿಯರು ಈಗಿನಿಂದಲೇ ಆಹ್ವಾನ ಪತ್ರಿಕೆಯಲ್ಲಿ ಎರಡೂ ಹೆಸರನ್ನು ಹಾಕಿಸಲಿ.

ಕರಪತ್ರಗಳನ್ನು ಒಟ್ಟುಗೂಡಿಸಿದ್ದು ಈ ಇಡೀ ಪ್ರಕ್ರಿಯೆಯ ದೊಡ್ಡ ಭಾಗ. ನಾಟಕ ಮುಗಿದ ಬೆಳಿಗ್ಗೆ ಬಣ್ಣ ಒರೆಸಿಕೊಂಡು ಮೊದಲ ಬಸ್ಸು ಹತ್ತುವವರು ಕರಪತ್ರ ಮಡಚಿ ಇಟ್ಟುಕೊಳ್ಳುವುದು ಅಪರೂಪ. ನನ್ನ ಟ್ರಂಕಿನಲ್ಲಿದ್ದವು ಹೆಚ್ಚಾಗಿ 2005ರ ನಂತರದವು. ಹಳೆಯವು ಬೇಕೆಂದರೆ ಆಡಿಸಿದವರ ಮನೆಗೇ ಹೋಗಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಇಲ್ಲದಿರುವುದು ನನ್ನ ಪಾಲಿಗೆ ದೊಡ್ಡ ಅನುಕೂಲವಾಯಿತು. ಕೊರಟಗೆರೆ, ಗುಬ್ಬಿ, ಕುಣಿಗಲ್, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತಿದೆ. ಎಷ್ಟೋ ಮನೆಗಳಲ್ಲಿ ಅಂದಿನ ಭೀಮ, ಕರ್ಣರು ತೀರಿಕೊಂಡಿದ್ದರು. ಆದರೆ ಅವರ ಮಕ್ಕಳು ಅಪ್ಪನ ವೇಷದ ಫೋಟೊವನ್ನು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು, ಮತ್ತು ಅನೇಕ ಕಡೆ ಅದೇ ಕಟ್ಟಿನ ಗಾಜಿನೊಳಗೆ, ಫೋಟೊದ ಹಿಂಬದಿಗೆ, ಕರಪತ್ರವನ್ನೂ ಸೇರಿಸಿದ್ದರು. ಕೇಳುವಾಗ ‘ಕರಪತ್ರ ಇದೆಯೇ’ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ‘ಯಜಮಾನರ ವೇಷದ ಫೋಟೊ ಇದೆಯೇ’ ಎಂದು ಕೇಳಿ.

ಸಿಕ್ಕವುಗಳಲ್ಲಿ ಅತ್ಯಂತ ಹಳೆಯದಾದ, ಗುಲಾಬಿ ಬಣ್ಣದ ಒಂದು ಹಾಳೆಯಲ್ಲಿ ಇಸವಿಯೇ ಇರಲಿಲ್ಲ. ‘ಪ್ರಮೋದೂತ ನಾಮ ಸಂವತ್ಸರದ ಚೈತ್ರ ಬಹುಳ, 14ನೇ ತಾರೀಖು ಶನಿವಾರ ರಾತ್ರಿ 9 ಗಂಟೆಗೆ ಸರಿಯಾಗಿ’ ಎಂದಿತ್ತು. ಜಾಲತಾಣದಲ್ಲಿ ತುಂಬಬೇಕಾದದ್ದು ಇಸವಿ. ಆ ನಾಟಕ ಕಲಿಸಿದ್ದ ಹಾರ್ಮೋನಿಯಂ ಮೇಷ್ಟ್ರು ಗುಬ್ಬಿಯ ಹತ್ತಿರ ಮಗನ ಮನೆಯಲ್ಲಿದ್ದಾರೆಂದು ತಿಳಿದು ಹೋದೆ. ವಯಸ್ಸು ಎಂಬತ್ತು ದಾಟಿದೆ, ಕಣ್ಣು ಮಂಜು. ಹಾಳೆಯನ್ನು ನಾನೇ ಓದಿ ಹೇಳಬೇಕಾಯಿತು.

‘ಇಸವಿ ಹಾಕ್ಸಿಲ್ಲ ಅಂದ್ರೆ ನಾಟಕ ಆಡ್ಲೇ ಇಲ್ಲ ಅಂತಾರಾ ತಾಯಿ? ಪ್ರಭವ ಎಂಬತ್ತೇಳರ ಯುಗಾದಿಗೆ ಬಂತು. ಅಲ್ಲಿಂದ ಬೆರಳು ಮಡಚ್ಕೊಂಡು ಬಾ: ಪ್ರಭವ, ವಿಭವ, ಶುಕ್ಲ, ಪ್ರಮೋದೂತ. ತೊಂಬತ್ತು ಕಣಮ್ಮ.’

ಮನೆಗೆ ಬಂದು ಮಗಳ ಫೋನಿನಲ್ಲಿ ನೋಡಿದರೆ 1990ರ ಏಪ್ರಿಲ್ 14 ಶನಿವಾರವೇ. ಸಂವತ್ಸರ, ಪಕ್ಷ, ತಾರೀಖು, ವಾರ ನಾಲ್ಕೂ ಕೂಡುವುದರಿಂದ ಬೇರೆ ವರ್ಷವಿರಲು ಸಾಧ್ಯವಿಲ್ಲವೆಂದು ಒಂದು ವಿವರಣೆಯನ್ನು ಬರೆದು, ಆ ಊರಿನ ದೇವಸ್ಥಾನ ಸಮಿತಿಯವರಿಂದ ದೃಢೀಕರಣ ಪತ್ರ ಪಡೆದು ಕರಪತ್ರದ ಜೊತೆ ಲಗತ್ತಿಸಿದೆ. ಮೇಷ್ಟ್ರು ಮಾತ್ರ ನಾನು ಹೊರಡುವವರೆಗೂ ಆ ರಾತ್ರಿ ನಾನು ಉತ್ತರೆಯ ಶೋಕದ ಹಾಡಿನಲ್ಲಿ ಹಾರ್ಮೋನಿಯಂನ ಅರ್ಧ ಮನೆಯಷ್ಟು ಶ್ರುತಿ ಏರಿಸಿದ್ದನ್ನು ಹೇಳಿ ಬೈಯುತ್ತಲೇ ಇದ್ದರು. ಅಂಥ ನೆನಪನ್ನು ಯಾವ ಕಾಲಂನಲ್ಲಿ ತುಂಬುವುದೋ!

ಕರಪತ್ರ ಸಿಗದ ಊರುಗಳಲ್ಲಿ ಇನ್ನೊಂದು ದಾರಿಯಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ, ನಾಟಕ ಆಡಿಸುವವರು ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಟ್ಟು ಅನುಮತಿ ಪಡೆಯುತ್ತಾರೆ. ಆ ಅನುಮತಿ ಪತ್ರದಲ್ಲಿ ಊರು, ದಿನಾಂಕ, ನಾಟಕದ ಹೆಸರು ಇರುತ್ತವೆ. ನಮ್ಮ ಹೆಸರಿಲ್ಲದಿದ್ದರೂ, ಅದೇ ರಾತ್ರಿಯ ಫೋಟೊದ ಜೊತೆ ಇಟ್ಟರೆ ಎರಡೂ ಸೇರಿ ಸಾಕ್ಷಿಯಾಗುತ್ತವೆ.

ಇದಕ್ಕೆ ಹೋಲಿಸಿದರೆ ಆಕಾಶವಾಣಿ ದೇವರು. ಧ್ವನಿಪರೀಕ್ಷೆಯಲ್ಲಿ ‘ಬಿ’ ಶ್ರೇಣಿ ಸಿಕ್ಕ ಪತ್ರದಿಂದ ಹಿಡಿದು ಪ್ರತಿ ನಾಟಕದ ಕರಾರು ಪತ್ರದವರೆಗೆ ಎಲ್ಲದರಲ್ಲಿಯೂ ದಿನಾಂಕ, ಸಂಭಾವನೆ, ಸಹಿ ಇವೆ. ಕಲಾಜಾಥಾದ್ದು ಒಂದು ಪ್ರಶಂಸಾಪತ್ರವಿತ್ತು. ಧಾರಾವಾಹಿಗಳ ಹಣ ಬ್ಯಾಂಕಿನ ಮೂಲಕ ಬಂದದ್ದರಿಂದ ಪಾಸ್‌ಬುಕ್ಕೇ ಸಾಕ್ಷಿ. ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಎಂದು ಶೇ 10 ಹಿಡಿದಿದ್ದರೆ ಆದಾಯ ತೆರಿಗೆಯ 26ಎಎಸ್ ನಮೂನೆಯಲ್ಲಿ ಹಣ ಕೊಟ್ಟ ಸಂಸ್ಥೆಯ ಹೆಸರು ಸಮೇತ ಸಿಗುತ್ತದೆ. ಅಷ್ಟೇನೂ ಮನಸ್ಸಿಟ್ಟು ಮಾಡದ ಪಾತ್ರಗಳಿಗೆ ಇಷ್ಟೊಂದು ಅಚ್ಚುಕಟ್ಟಾದ ದಾಖಲೆ ಇರುವುದನ್ನು ಕಂಡು ನಗು ಬಂತು.

ನಿರ್ದೇಶಕಿಗೆ ಮತ್ತು ರಂಗಶಿಕ್ಷಕಿಗೆ ಮಾತ್ರ ಹೆಚ್ಚುಕಡಿಮೆ ಕಾಗದವೇ ಇಲ್ಲ. ನಟಿಯಾದರೆ ಫೋಟೊದಲ್ಲಿ ಕಾಣಿಸುತ್ತಾಳೆ. ನಿರ್ದೇಶಕಿ ಪ್ರದರ್ಶನದ ದಿನ ಎಲ್ಲಿಯೂ ಕಾಣಿಸುವುದಿಲ್ಲ. ಇಲ್ಲಿ ನೆರವಾದದ್ದು ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಾಟಕ ಆಡಿದಾಗಿನ ಬಾಡಿಗೆ ರಸೀದಿಗಳು. ತಂಡದ ಖಜಾಂಚಿ ಅವನ್ನೆಲ್ಲ ದಾರದಲ್ಲಿ ಪೋಣಿಸಿ ಇಟ್ಟಿದ್ದರು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆಯಲ್ಲಿ ನಾಟಕ ಮಾಡಿಸಿದ್ದಕ್ಕೆ ಬಾಡಿಗೆ ರಸೀದಿಯ ಸಾಕ್ಷ್ಯ ಹುಡುಕುತ್ತಿದ್ದೇನಲ್ಲ ಎನಿಸಿತಾದರೂ, ರಸೀದಿ ಮತ್ತು ಅದೇ ದಿನದ ಆಹ್ವಾನ ಪತ್ರಿಕೆಯನ್ನು ಜೋಡಿ ಮಾಡಿ ಇಟ್ಟಾಗ ನಿರ್ದೇಶನದ ವರ್ಷಗಳು ತಾವಾಗಿಯೇ ಸಾಲುಗಟ್ಟಿದವು.

ಶಾಲೆಗಳದ್ದು ಬೇಸರದ ಕಥೆ. ಹಲವು ವರ್ಷ ರಂಗಪಾಠ ಮಾಡಿದ್ದ ಒಂದು ಖಾಸಗಿ ಶಾಲೆಯಲ್ಲಿ ಸೇವಾ ಪ್ರಮಾಣಪತ್ರ ಕೇಳಿದಾಗ, ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲ, ವಾರ್ಷಿಕೋತ್ಸವದ ಖರ್ಚಿನ ವೋಚರಿನಲ್ಲಿ ಹಣ ಕೊಟ್ಟಿರುವುದರಿಂದ ಶಿಕ್ಷಕಿ ಎಂದು ಬರೆದುಕೊಡಲಾಗುವುದಿಲ್ಲ ಎಂದರು. ಶಾಮಿಯಾನ, ಧ್ವನಿವರ್ಧಕದ ಬಾಡಿಗೆಯ ಸಾಲಿನಲ್ಲಿ ನನ್ನ ಪಾಠವೂ ಸೇರಿತ್ತು. ವಾದ ಮಾಡುವಷ್ಟು ಶಕ್ತಿ ಇರಲಿಲ್ಲ. ಆ ಶಾಲೆಯಲ್ಲಿ ನನ್ನ ಬಳಿ ಕಲಿತು ಈಗ ತಾನೂ ಶಿಕ್ಷಕಿಯಾಗಿರುವ ಹುಡುಗಿಯೊಬ್ಬಳು ವಿಷಯ ಕೇಳಿ, ತನ್ನ ಮನೆಯಲ್ಲಿದ್ದ ಶಾಲಾ ವಾರ್ಷಿಕ ಸಂಚಿಕೆಗಳನ್ನು ತಂದುಕೊಟ್ಟಳು. ಅವುಗಳಲ್ಲಿ ಮಕ್ಕಳ ನಾಟಕದ ಫೋಟೊದ ಕೆಳಗೆ ‘ರಂಗಶಿಕ್ಷಕಿ’ ಎಂದೇ ಅಚ್ಚಾಗಿತ್ತು. ಜೊತೆಗೆ ಸರ್ಕಾರಿ ಪ್ರೌಢಶಾಲೆಯ ನಿವೃತ್ತ ಮುಖ್ಯ ಶಿಕ್ಷಕರೊಬ್ಬರು ತಾವು ನಡೆಸಿದ್ದ ಬೇಸಿಗೆ ಶಿಬಿರಗಳ ಬಗ್ಗೆ ಪತ್ರ ಬರೆದುಕೊಟ್ಟರು. ಈಗ ಶಾಲೆಗಳಲ್ಲಿ ಗೌರವಧನಕ್ಕೆ ಪಾಠ ಹೇಳುತ್ತಿರುವ ರಂಗಕರ್ಮಿಗಳು ವರ್ಷ ಮುಗಿಯುತ್ತಲೇ ಶಾಲೆಯ ಶಿರೋನಾಮೆಯ ಹಾಳೆಯಲ್ಲಿ ಎರಡು ಸಾಲನ್ನಾದರೂ ಬರೆಸಿಕೊಳ್ಳಬೇಕು; ಮುಖ್ಯ ಶಿಕ್ಷಕರು ಬದಲಾದ ಮೇಲೆ ನಮ್ಮನ್ನು ಬಲ್ಲವರು ಅಲ್ಲಿ ಯಾರೂ ಇರುವುದಿಲ್ಲ.

ದಾಖಲೆಗಳನ್ನು ಜಾಲತಾಣಕ್ಕೆ ಏರಿಸುವಾಗ ಒಂದೆರಡು ಅಡ್ಡಿಗಳು ಬಂದವು. ಆಧಾರಿಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಯಾವಾಗಲೋ ನಿಂತುಹೋಗಿದ್ದರಿಂದ ಒಟಿಪಿ ಬರಲಿಲ್ಲ; ಆಧಾರ್ ಕೇಂದ್ರದಲ್ಲಿ ಸಂಖ್ಯೆ ಬದಲಾಯಿಸಿ ಕಾಯಬೇಕಾಯಿತು. ಕಡತದ ಗಾತ್ರ ಹೆಚ್ಚಾದರೆ ತೆಗೆದುಕೊಳ್ಳುವುದಿಲ್ಲ. ಎಲ್ಲ ಕರಪತ್ರಗಳನ್ನು ಏರಿಸುವ ಬದಲು ಐದೈದು ವರ್ಷಕ್ಕೆ ಒಂದೆರಡು ಗಟ್ಟಿ ದಾಖಲೆಗಳನ್ನು ಆರಿಸಿ ಒಂದೇ ಪಿಡಿಎಫ್ ಮಾಡಿಸಿದೆವು. ಹಳೆಯ ಕರಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಸ್ಕ್ಯಾನ್ ಮಾಡುವಾಗ ಬೆಳಕು ಹೊಳೆದು ಅಕ್ಷರ ಕಾಣುವುದಿಲ್ಲ, ಬಿಸಿಗೆ ಬಣ್ಣವೂ ಹೋಗುತ್ತದೆ. ಅರ್ಜಿಯ ಸ್ವೀಕೃತಿ ಸಂಖ್ಯೆಯನ್ನು ಫೋನಿನಲ್ಲಷ್ಟೇ ಅಲ್ಲದೆ ಕಾಗದದಲ್ಲಿಯೂ ಬರೆದಿಟ್ಟುಕೊಳ್ಳಿ.

ಆಮೇಲೆ ತಿಂಗಳುಗಟ್ಟಲೆ ಕಾಯುವುದು. ಜಾಲತಾಣದಲ್ಲಿ ‘ಪರಿಶೀಲನೆಯಲ್ಲಿದೆ’ ಎಂಬುದರ ಹೊರತು ಬೇರೆ ಮಾತಿಲ್ಲ. ಆ ದಿನಗಳಲ್ಲಿ ‘ನಾನು ಮಾಡಿಸಿಕೊಡ್ತೀನಿ, ಮೊದಲು ಇಷ್ಟು ಕೊಡಿ’ ಎಂದು ಫೋನು ಮಾಡಿದವರೂ ಉಂಟು. ಕೊಡಲಿಲ್ಲ, ಕೊಡಬೇಕಾದ ಅಗತ್ಯವೂ ಇಲ್ಲ.

ಸಂದರ್ಶನದ ಕರೆ ಬಂದದ್ದು ಹಿಂದಿನ ದಿನ. ಮೂಲ ದಾಖಲೆಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ, ಮೊದಲ ಪುಟದಲ್ಲಿ ಪರಿವಿಡಿ ಬರೆದು ಮೊದಲೇ ಇಟ್ಟುಕೊಂಡಿದ್ದರಿಂದ ಗಾಬರಿಯಾಗಲಿಲ್ಲ. ಹೊರಗಿನ ಬೆಂಚುಗಳ ಮೇಲೆ ತಮಟೆಯವರು, ಸೋಬಾನೆ ಹಾಡುವ ಹೆಂಗಸರು, ಒಬ್ಬ ಮೂಡಲಪಾಯ ಯಕ್ಷಗಾನದ ಭಾಗವತರು, ಕಾಲಿಗೆ ಗೆಜ್ಜೆ ಕಟ್ಟಿಕೊಂಡೇ ಬಂದಿದ್ದ ವೀರಗಾಸೆಯವರು ಕೂತಿದ್ದರು. ಎಷ್ಟೋ ಜನ ಬೆಳಗಿನ ಜಾವವೇ ಪಾವಗಡದ ಕಡೆಯಿಂದ ಬಸ್ಸು ಹತ್ತಿದ್ದರು. ಬುತ್ತಿ ಮತ್ತು ನೀರು ಕಟ್ಟಿಕೊಂಡು ಹೋಗುವುದು ಒಳ್ಳೆಯದು, ಸರದಿ ಬರುವುದು ಯಾವಾಗಲೋ ಹೇಳಲಾಗುವುದಿಲ್ಲ.

ನನ್ನ ಸರದಿ ಬಂದಾಗ ಸಮಿತಿಯವರು ಮೊದಲು ಏನಾದರೂ ಅಭಿನಯಿಸಿ ತೋರಿಸಿ ಎಂದರು. ಒಂದು ಕಂದಪದ್ಯ ಹಾಡಿ ದ್ರೌಪದಿಯ ಮಾತುಗಳನ್ನು ಹೇಳಿದೆ. ಎದುರಿಗೆ ಹಾರ್ಮೋನಿಯಂ ಇಲ್ಲದೆ, ಟ್ಯೂಬ್‌ಲೈಟಿನ ಕೆಳಗೆ, ಬೆಳಿಗ್ಗೆ ಹನ್ನೊಂದಕ್ಕೆ ದ್ರೌಪದಿಯಾಗುವುದು ಸುಲಭವಲ್ಲ. ನಂತರ ಒಬ್ಬ ಸದಸ್ಯರು, ‘ನಿರ್ದೇಶನ, ಶಿಕ್ಷಣ ಅಂತ ಬರೆದಿದ್ದೀರಲ್ಲ ಅಮ್ಮ, ಅದನ್ನು ಹೇಗೆ ನೋಡೋದು?’ ಎಂದು ಸೌಜನ್ಯದಿಂದಲೇ ಕೇಳಿದರು. ನಾನು ಒಯ್ದಿದ್ದ ನಿರ್ದೇಶನದ ಪ್ರತಿಯನ್ನು ಅವರ ಮುಂದೆ ಬಿಡಿಸಿಟ್ಟೆ. ಎಡಪುಟದಲ್ಲಿ ಸಂಭಾಷಣೆ, ಬಲಪುಟದಲ್ಲಿ ಪೆನ್ಸಿಲಿನಲ್ಲಿ ಬರೆದ ರಂಗದ ಚೌಕ, ಯಾರು ಯಾವ ಮಾತಿಗೆ ಎಲ್ಲಿಂದ ಎಲ್ಲಿಗೆ ನಡೆಯಬೇಕೆಂಬ ಬಾಣಗಳು, ಬೆಳಕಿನ ಬದಲಾವಣೆಗೆ ಕೆಂಪು ಗೆರೆ, ಪದೇ ಪದೇ ಒರೆಸಿ ತಿದ್ದಿದ್ದರಿಂದ ತೆಳುವಾದ ಕಾಗದ. ಸದಸ್ಯರು ಪುಟ ತಿರುಗಿಸುತ್ತಾ, ಒಬ್ಬ ಪಾತ್ರಧಾರಿ ಇಲ್ಲಿ ಎರಡು ಹೆಜ್ಜೆ ಹಿಂದೆ ಹೋಗುವುದು ಏಕೆ ಎಂದು ಕೇಳಿದರು. ಹಿಂದೆ ಹೋಗದಿದ್ದರೆ ಮುಂದಿನ ಮಾತು ಹೇಳುವ ಹುಡುಗಿಯ ಮುಖ ಎಡಬದಿಯ ಪ್ರೇಕ್ಷಕರಿಗೆ ಕಾಣುವುದಿಲ್ಲವೆಂದು ಎದ್ದು ನಿಂತು ತೋರಿಸಿದೆ. ಮುಂದೆ ಪ್ರಶ್ನೆಗಳಿರಲಿಲ್ಲ. ನಿರ್ದೇಶಕರು, ರಂಗಶಿಕ್ಷಕರು ಯಾರೇ ಸಂದರ್ಶನಕ್ಕೆ ಹೋಗುವುದಿದ್ದರೂ ತಮ್ಮ ಕೈಬರಹದ ಪ್ರತಿಯನ್ನು ತಪ್ಪದೆ ಒಯ್ಯಿರಿ.

ಮಂಜೂರಾತಿ ತಿಳಿದ ಮೇಲೂ ಹಣ ಬರಲು ತಡವಾಯಿತು. ವಿಚಾರಿಸಿದಾಗ ನನ್ನ ಆಧಾರ್ ಜೋಡಣೆಯಾಗಿದ್ದದ್ದು ನಾನು ಬಳಸುವುದನ್ನೇ ಬಿಟ್ಟಿದ್ದ ಹಳೆಯ ಖಾತೆಗೆ ಎಂದು ಗೊತ್ತಾಯಿತು. ಪಾಸ್‌ಬುಕ್ಕಿಗೆ ಆಧಾರ್ ಸಂಖ್ಯೆ ಕೊಟ್ಟಿದ್ದರೆ ಸಾಲದು. ನೇರ ಹಣ ವರ್ಗಾವಣೆಗೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಜೋಡಣೆ ಅದೇ ಖಾತೆಗೆ ಆಗಿರಬೇಕು. ಬ್ಯಾಂಕಿನಲ್ಲಿ ಇದಕ್ಕೆ ಬೇರೆಯೇ ನಮೂನೆಯಿದೆ, ಅದನ್ನು ಕೇಳಿ ಪಡೆಯಿರಿ. ಇದನ್ನು ಅರ್ಜಿ ಹಾಕುವ ಮೊದಲೇ ಮುಗಿಸಿಕೊಂಡರೆ ಕೊನೆಯ ಈ ಅಲೆದಾಟ ಉಳಿಯುತ್ತದೆ.

ಖರ್ಚಿನ ಮಟ್ಟಿಗೆ ಹೇಳುವುದಾದರೆ, ಸರ್ಕಾರಿ ಶುಲ್ಕ ತೀರಾ ಕಡಿಮೆ. ಹಣ ಹೋದದ್ದು ಜೆರಾಕ್ಸ್, ಸ್ಕ್ಯಾನಿಂಗ್, ಸ್ಟಾಂಪ್ ಕಾಗದ, ನೋಟರಿ ಮತ್ತು ಸರ್ಕಾರಿ ಬಸ್ಸಿಲ್ಲದ ಹಳ್ಳಿಗಳಿಗೆ ಹಿಡಿದ ಆಟೊಗಳಿಗೆ. ಕರಪತ್ರ ಹುಡುಕಲು ಹೋದ ಮನೆಗಳಲ್ಲಿ ಮಾತ್ರ ಊಟ ಮಾಡಿಸದೆ ಯಾರೂ ಕಳುಹಿಸಲಿಲ್ಲ.

ಸಂದರ್ಶನದ ದಿನ ಪರಿಚಯವಾದ ಭಾಗವತರ ಅರ್ಜಿ ಇನ್ನೂ ಬಾಕಿಯಿದೆ. ಅವರ ಬಳಿ ಹಳೆಯ ಆಟಗಳ ದಾಖಲೆ ಕಡಿಮೆ. ಹಾಗಾಗಿ ಈಗ ಅವರಿಗಾಗಿ ತುರುವೇಕೆರೆ ಮತ್ತು ತಿಪಟೂರಿನ ಕಡೆ ವಿಚಾರಿಸುತ್ತಿದ್ದೇನೆ. 2000ಕ್ಕಿಂತ ಹಿಂದಿನ ಮೂಡಲಪಾಯದ ಆಟದ ಕರಪತ್ರ ಯಾರ ಮನೆಯಲ್ಲಿದ್ದರೂ, ಕಟ್ಟಿನಿಂದ ಬಿಡಿಸದೆ ಹಾಗೆಯೇ ಫೋಟೊ ತೆಗೆದು ನಿಮ್ಮ ಊರಿನ ಭಾಗವತರಿಗೆ ಒಂದು ಪ್ರತಿ ಕೊಟ್ಟಿಡಿ. ಫೋಟೊ ತೆಗೆಯುವಾಗ ಕೆಳಗಿನ ಅಂಚಿನಲ್ಲಿರುವ ಮುದ್ರಣಾಲಯದ ಹೆಸರೂ ಕಾಣುವಂತಿರಲಿ.